ಡಬ್ಬಿ ಹುಡುಕಲು ಹೊರಟವರಿಗೆ ಯಾವ ನಕ್ಷೆ ಬೇಕು?

ಚಿಕ್ಕಂದಿನಲ್ಲಿ ನಿಧಿ ಹುಡುಕುವ ಆಟ ಆಡದವರು ಯಾರಿದ್ದಾರೆ? ಒಬ್ಬರು ಚೀಟಿ ಬರೆದು ಎಲ್ಲೋ ಬಚ್ಚಿಡುವುದು, ಉಳಿದವರು ಹಿತ್ತಲೆಲ್ಲ ತಡಕಾಡುವುದು. ಆ ಹಿತ್ತಲನ್ನೇ ಭೂಮಿಯಷ್ಟು ಹಿಗ್ಗಿಸಿ, ಚೀಟಿಯ ಬದಲು ಅಕ್ಷಾಂಶ ರೇಖಾಂಶ ಕೊಟ್ಟು, ಕೈಗೊಂದು ಜಿಪಿಎಸ್ ಹಿಡಿಸಿದರೆ ಅದೇ ಜಿಯೋಕ್ಯಾಶಿಂಗ್. ಯಾರೋ ಒಬ್ಬರು ಮುಚ್ಚಳವಿರುವ ಪುಟ್ಟ ಡಬ್ಬಿಯೊಳಗೆ ಒಂದು ನೋಟ್‌ಪುಸ್ತಕ ಇಟ್ಟು, ಆ ಡಬ್ಬಿಯನ್ನು ಮರೆಯಾದ ಜಾಗದಲ್ಲಿರಿಸಿ, ಅದರ ಸ್ಥಾನವನ್ನು ಅಂತರ್ಜಾಲದಲ್ಲಿ ಪ್ರಕಟಿಸುತ್ತಾರೆ. ಹುಡುಕಿದವರು ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಬಹುಮಾನ ಗಿಹುಮಾನ ಏನಿಲ್ಲ. ಸುತ್ತಾಟವೇ ಬಹುಮಾನ.

ಈ ಆಟಕ್ಕೆ ಹುಟ್ಟಿದ ದಿನವೂ ಇದೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಮೊದಲು ನಾಗರಿಕರಿಗೆ ಬೇಕೆಂದೇ ತಪ್ಪು ಬೆರೆಸಿದ ಸಂಕೇತ ಕೊಡುತ್ತಿದ್ದವು, ನೂರು ಮೀಟರಿನಷ್ಟು ಆಚೀಚೆ. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ ಆದೇಶದಂತೆ ಆ ಬೆರಕೆ ನಿಂತಿತು. ಮರುದಿನವೇ, ಮೇ 3ರಂದು, ಡೇವ್ ಉಲ್ಮರ್ ಎಂಬಾತ ಆರಿಗನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಬಕೆಟ್ಟು ಹೂತಿಟ್ಟು ಅದರ ಸ್ಥಾನವನ್ನು ಅಂತರ್ಜಾಲದಲ್ಲಿ ಹಾಕಿದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಷ್ ಇದಕ್ಕೊಂದು ಜಾಲತಾಣ ತೆರೆದ. ಯುರೋಪು ಅಮೆರಿಕಗಳಲ್ಲಿ ಡಬ್ಬಿಗಳು ಓಣಿಗೊಂದು ಎಂಬಂತಿವೆ. ನಮ್ಮ ಕಡೆ ವಿರಳ. ವಿರಳವಾದ್ದರಿಂದಲೇ ನಕ್ಷೆಯ ಆಯ್ಕೆ ನಮಗೆ ಹೆಚ್ಚು ಮುಖ್ಯ. ಅಲ್ಲಿಯವರು ದಾರಿ ತಪ್ಪಿದರೆ ಪಕ್ಕದ ಓಣಿಯಲ್ಲಿ ಇನ್ನೊಂದು ಡಬ್ಬಿ ಹುಡುಕಿಯಾರು, ನಾವು ದಾರಿ ತಪ್ಪಿದರೆ ಭಾನುವಾರ ಹೋಯಿತು, ಪೆಟ್ರೋಲೂ ಹೋಯಿತು.

"ಗೂಗಲ್ ಮ್ಯಾಪ್ ಇದೆಯಲ್ಲ, ಇನ್ನೇನು ಬೇಕು?" ಎಂದು ಕೇಳುವವರಿದ್ದಾರೆ. ಮದುವೆ ಮಂಟಪ ಹುಡುಕಲು ಅದು ಸಾಕು. ಮಂಟಪದ ಮುಂದೆ ರಸ್ತೆ ಇರುತ್ತದೆ, ಬೋರ್ಡು ಇರುತ್ತದೆ, ವಾಲಗ ಕೇಳಿಸುತ್ತದೆ. ಡಬ್ಬಿಗೆ ವಿಳಾಸವಿಲ್ಲ. ಅದು ರಸ್ತೆ ಮುಗಿದ ಮೇಲೆ ಶುರುವಾಗುವ ಪ್ರಯಾಣ. ಆದ್ದರಿಂದ ತಂತ್ರಾಂಶ ಆರಿಸುವ ಮೊದಲು ನಕ್ಷೆ ಎಲ್ಲೆಲ್ಲಿ ಕೈಕೊಡುತ್ತದೆ ಎಂದು ನೋಡೋಣ.

ಹೆಸರು ನಂಬಬೇಡಿ, ಅಂಕಿ ನಂಬಿ

ನಮ್ಮ ಕಾಚಿಗೂಡವನ್ನೇ ತೆಗೆದುಕೊಳ್ಳಿ. ರೈಲ್ವೆಯವರು ಇಂಗ್ಲಿಷಿನಲ್ಲಿ ಇದನ್ನು ಕಾಚೆಗೂಡ ಎಂದು ಬರೆಯುತ್ತಾರೆ. ಅಂಗಡಿ ಬೋರ್ಡುಗಳಲ್ಲಿ ಕಾಚಿಗೂಡ, ಕಾಚಿಗುಡ, ಇನ್ನೂ ಒಂದೆರಡು ರೂಪಗಳಿವೆ. ಇನ್ನು ಗಡಿಯಾಚೆ ಹೋದರೆ ಗುಲ್ಬರ್ಗ 2014ರ ನವೆಂಬರ್ 1ರಂದು ಕಲಬುರಗಿಯಾಯಿತು, ಆದರೆ ಹಳೆಯ ನಕ್ಷೆಗಳಲ್ಲಿ ಈಗಲೂ ಗುಲ್ಬರ್ಗವೇ. ಮಳಖೇಡ, ಮಾಲಖೇಡ್, ಮಲ್ಖೇಡ್ ಎಲ್ಲ ಒಂದೇ ಊರು. ಹೆಸರಿನಿಂದ ಹುಡುಕಿದರೆ ತಂತ್ರಾಂಶ ತನಗೆ ತೋಚಿದ ಊರಿಗೆ ಕಳಿಸುತ್ತದೆ. ಅಕ್ಷಾಂಶ ರೇಖಾಂಶಕ್ಕೆ ಕಾಗುಣಿತದ ಗೊಂದಲವಿಲ್ಲ.

ಆದರೆ ಅದಕ್ಕೆ ಬೇರೊಂದು ಗೊಂದಲವಿದೆ. ಹೊಸಬರಲ್ಲಿ ಬಹುಪಾಲು ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಕಾಚಿಗೂಡ ನಿಲ್ದಾಣದ ಸ್ಥಾನವನ್ನು ಮೂರು ಬಗೆಯಲ್ಲಿ ಬರೆಯಬಹುದು. ಮೊದಲನೆಯದು ನಾವು ಶಾಲೆಯಲ್ಲಿ ಕಲಿತದ್ದು, ಡಿಗ್ರಿ, ಮಿನಿಟು, ಸೆಕೆಂಡು. ಉತ್ತರ ಅಕ್ಷಾಂಶ ಸುಮಾರು 17° 23' 20", ಪೂರ್ವ ರೇಖಾಂಶ 78° 30' 1". ಎರಡನೆಯದರಲ್ಲಿ ಸೆಕೆಂಡು ಬಿಟ್ಟು ಮಿನಿಟಿಗೇ ದಶಮಾಂಶ ಹಾಕುತ್ತಾರೆ: 17° 23.33', 78° 30.02'. ಜಿಯೋಕ್ಯಾಶಿಂಗ್ ಪಟ್ಟಿಗಳಲ್ಲಿ ನಡೆಯುವುದು ಈ ರೂಪ. ಮೂರನೆಯದರಲ್ಲಿ ಎಲ್ಲವನ್ನೂ ಡಿಗ್ರಿಗೇ ಇಳಿಸುತ್ತಾರೆ: 17.3889, 78.5003. ಗೂಗಲ್ ಮ್ಯಾಪ್ ತೋರಿಸುವುದು ಇದನ್ನು.

ಈಗ ಯಾರೋ ಅವಸರದಲ್ಲಿ ಎರಡನೆಯ ರೂಪದ 17° 23.33' ಎಂಬುದನ್ನು 17.2333 ಎಂದು ಟೈಪು ಮಾಡಿದರೆನ್ನಿ. ರೇಖಾಂಶವನ್ನೂ ಹಾಗೆಯೇ 78.3002 ಎಂದು ಹಾಕಿದರು. ತಂತ್ರಾಂಶ ಗೊಣಗುವುದಿಲ್ಲ, ಅದೂ ಸರಿಯಾದ ಅಂಕಿಯೇ. ಆದರೆ ನಕ್ಷೆಯ ಮೇಲಿನ ಗುಂಡುಸೂಜಿ ಕಾಚಿಗೂಡದಿಂದ ನೈಋತ್ಯಕ್ಕೆ ಸುಮಾರು 27 ಕಿ.ಮೀ. ದೂರದಲ್ಲಿ, ಶಂಶಾಬಾದ್ ವಿಮಾನ ನಿಲ್ದಾಣಕ್ಕಿಂತಲೂ ಪಶ್ಚಿಮದ ಯಾವುದೋ ಹೊಲದಲ್ಲಿ ನೆಟ್ಟಿರುತ್ತದೆ. ಮಿನಿಟನ್ನು ಡಿಗ್ರಿ ಮಾಡಲು 60ರಿಂದ ಭಾಗಿಸಬೇಕು, ಚುಕ್ಕಿ ಸರಿಸಿದರೆ ಆಗದು. 23.33 ಭಾಗಿಸು 60 ಅಂದರೆ 0.3889. ಲೆಕ್ಕ ಇಷ್ಟೇ.

ಇದರಿಂದ ತಂತ್ರಾಂಶಕ್ಕೆ ಹಾಕಬೇಕಾದ ಮೊದಲ ಪ್ರಶ್ನೆ ಸಿಕ್ಕಿತು: ಮೂರೂ ರೂಪಗಳನ್ನು ತೋರಿಸುತ್ತದೆಯೇ, ಒಂದರಿಂದ ಇನ್ನೊಂದಕ್ಕೆ ತಾನೇ ಬದಲಿಸುತ್ತದೆಯೇ? ಗೂಗಲ್ ಅರ್ಥ್ ಪ್ರೋ, ಓಎಸ್‌ಎಂ ಆಂಡ್, ಸಿ-ಜಿಯೋ ಈ ಮೂರರಲ್ಲೂ ಸೆಟ್ಟಿಂಗು ಇದೆ. ಒಂದು ರೂಪ ಆರಿಸಿಕೊಂಡು, ಫೋನು, ಗಣಕ, ಕೈಯಂತ್ರ ಎಲ್ಲದರಲ್ಲೂ ಅದನ್ನೇ ಇಟ್ಟುಕೊಳ್ಳಿ. ಎಷ್ಟು ಅಂಕಿ ಬೇಕು ಎಂಬುದಕ್ಕೂ ಉತ್ತರವಿದೆ. ಅಕ್ಷಾಂಶದ ಒಂದು ಮಿನಿಟು ಎಂದರೆ 1,852 ಮೀಟರ್. ಮಿನಿಟಿನ ಸಾವಿರದ ಒಂದಂಶ ಎಂದರೆ ಎರಡು ಮೀಟರಿಗೂ ಕಡಿಮೆ. ಬಯಲಲ್ಲಿ ಫೋನಿನ ಜಿಪಿಎಸ್ಸು ಐದು ಮೀಟರಿನಷ್ಟು ಆಚೀಚೆ ಇರುವುದರಿಂದ ಮಿನಿಟಿಗೆ ಮೂರು ದಶಮಾಂಶ ಧಾರಾಳ. ಉಳಿದದ್ದು ಕಣ್ಣಿನ ಕೆಲಸ.

ಲ್ಯಾಂಬ್ಟನ್ ಸಾಹೇಬರ ನಕ್ಷೆಗೂ ಉಪಗ್ರಹಕ್ಕೂ ಇರುವ ಅಂತರ

ಹಳೆಯ ಸರ್ವೆ ನಕ್ಷೆಗಳೆಂದರೆ ಕೆಲವರಿಗೆ ಪ್ರೀತಿ. ನನಗೂ ಇದೆ. ಕೆರೆ, ಬಾವಿ, ಗುಡಿ, ಕಾಲುದಾರಿ, ಗುಡ್ಡದ ಎತ್ತರ ಎಲ್ಲವೂ ಒಂದೇ ಹಾಳೆಯಲ್ಲಿ ಬರುವ ಆ ಐವತ್ತು ಸಾವಿರಕ್ಕೊಂದರ ನಕ್ಷೆಯಷ್ಟು ಚಂದದ್ದು ಬೇರೊಂದಿಲ್ಲ. ಒಂದು ಸೆಂಟಿಮೀಟರು ಅಲ್ಲಿ ಅರ್ಧ ಕಿಲೋಮೀಟರು. ಹೈದರಾಬಾದಿನ ಸುತ್ತಲ ಪ್ರದೇಶ ಹಳೆಯ ಕ್ರಮದಲ್ಲಿ 56-ಕೆ ಹಾಳೆಗಳಲ್ಲಿ, ಮಳಖೇಡದ ಕಡೆಯದು 56-ಜಿ ಹಾಳೆಗಳಲ್ಲಿ ಬರುತ್ತದೆ. ತಮಾಷೆಯೆಂದರೆ 78° 30' ರೇಖಾಂಶವೇ ಎರಡು ಹಾಳೆಗಳ ನಡುವಿನ ಅಂಚು, ಅದು ಕಾಚಿಗೂಡ ನಿಲ್ದಾಣದ ಹತ್ತಿರವೇ ಹಾದುಹೋಗುತ್ತದೆ. ಹೀಗಾಗಿ ನಿಲ್ದಾಣದ ಎರಡೂ ಮಗ್ಗುಲು ನೋಡಬೇಕೆಂದರೆ 56-ಕೆ-7 ಮತ್ತು 56-ಕೆ-11 ಎಂಬ ಎರಡು ಹಾಳೆ ಜೋಡಿಸಿಕೊಳ್ಳಬೇಕು.

ಆದರೆ ಹಳೆಯ ಹಾಳೆಯಿಂದ ಅಕ್ಷಾಂಶ ರೇಖಾಂಶ ಓದಿ ಜಿಪಿಎಸ್ಸಿಗೆ ತುಂಬಿದರೆ ಡಬ್ಬಿ ಸಿಗುವುದಿಲ್ಲ. ಕಾರಣ ತಿಳಿಯಲು ಇನ್ನೂರು ವರ್ಷ ಹಿಂದೆ ಹೋಗಬೇಕು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆಧಾರರೇಖೆ ಅಳೆದು ಮಹಾ ತ್ರಿಕೋನಮಿತಿ ಸರ್ವೆ ಆರಂಭಿಸಿದ. ಸರಪಳಿ ಹಿಡಿದು ಉತ್ತರಕ್ಕೆ ಬರುತ್ತ 1815ರಲ್ಲಿ ನಮ್ಮ ಬೀದರಿನ ಬಳಿ ದಾಮರಗಿದ್ದದಲ್ಲಿ ಇನ್ನೊಂದು ಆಧಾರರೇಖೆ ಅಳೆಯಲಾಯಿತು. ಅವನ ಸಹಾಯಕನಾಗಿ ಹೈದರಾಬಾದ್ ಸೀಮೆಗೆ ಬಂದವನು ಜಾರ್ಜ್ ಎವರೆಸ್ಟ್, ಮುಂದೆ ಪರ್ವತಕ್ಕೆ ಹೆಸರಾದವನು. ಲ್ಯಾಂಬ್ಟನ್ 1823ರಲ್ಲಿ ಹೈದರಾಬಾದಿನಿಂದ ನಾಗಪುರಕ್ಕೆ ಹೋಗುವಾಗ ಹಿಂಗಣಘಾಟಿನಲ್ಲಿ ತೀರಿಕೊಂಡ. ಎವರೆಸ್ಟ್ ಕೆಲಸ ಮುಂದುವರಿಸಿ, ದಾಮರಗಿದ್ದದ 18° 3' ಅಕ್ಷಾಂಶದಿಂದ ಮಧ್ಯಭಾರತದ 24° 7'ವರೆಗಿನ ಅಳತೆಯ ವರದಿಯನ್ನು 1830ರಲ್ಲಿ ಪ್ರಕಟಿಸಿದ. ಭೂಮಿಯ ಉಬ್ಬು ಎಷ್ಟು, ಚಪ್ಪಟೆ ಎಷ್ಟು ಎಂದು ಆತ ಹಾಕಿದ ಲೆಕ್ಕದ ಮೇಲೆ ಭಾರತದ ಹಳೆಯ ನಕ್ಷೆಗಳು ನಿಂತಿವೆ.

ಉಪಗ್ರಹಗಳು ಬಳಸುವ ಲೆಕ್ಕ ಬೇರೆ, ಅದರ ಹೆಸರು ಡಬ್ಲ್ಯೂಜಿಎಸ್-84. ಎರಡೂ ಭೂಮಿಯ ಚಿತ್ರಗಳೇ, ಆದರೆ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಹೈದರಾಬಾದಿನ ಆಸುಪಾಸಿನಲ್ಲಿ ಅಂತರ ನೂರು ಮೀಟರಿಗೂ ಹೆಚ್ಚು. ನೂರು ಮೀಟರೆಂದರೆ ಕೋಟೆಯ ಒಳಗಿರಬೇಕಾದ ಡಬ್ಬಿಯನ್ನು ಕಂದಕದಾಚೆ ಹುಡುಕಿದಂತೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ಬಳಿಕ ಸಾರ್ವಜನಿಕರಿಗಾಗಿ ಭಾರತೀಯ ಸರ್ವೇಕ್ಷಣಾ ಇಲಾಖೆ ಹೊರತಂದ ಓಪನ್ ಸೀರೀಸ್ ನಕ್ಷೆಗಳು ಉಪಗ್ರಹದ ಲೆಕ್ಕದಲ್ಲೇ ಇವೆ, ಅವು ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ಹಳೆಯ ಹಾಳೆಯ ಸ್ಕ್ಯಾನ್ ಪ್ರತಿ ಬಳಸುವವರು ಅಂಚಿನಲ್ಲಿ ಯಾವ ಲೆಕ್ಕ ಎಂದು ನೋಡಿಕೊಳ್ಳಲಿ. ಈ ಇಲಾಖೆಯ ತರಬೇತಿ ಸಂಸ್ಥೆ ಇರುವುದು ನಮ್ಮೂರಿನ ಉಪ್ಪಲ್‌ನಲ್ಲೇ ಎಂಬುದು ಅನೇಕರಿಗೆ ತಿಳಿದಿಲ್ಲ.

ಒಂದು ಎಚ್ಚರಿಕೆ. ಓಪನ್ ಸೀರೀಸ್ ಮ್ಯಾಪನ್ನೂ ಓಎಸ್‌ಎಂ ಎನ್ನುತ್ತಾರೆ, ಓಪನ್ ಸ್ಟ್ರೀಟ್ ಮ್ಯಾಪನ್ನೂ ಓಎಸ್‌ಎಂ ಎನ್ನುತ್ತಾರೆ. ಒಂದು ಸರ್ಕಾರದ್ದು, ಇನ್ನೊಂದು 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಆರಂಭಿಸಿದ, ಯಾರು ಬೇಕಾದರೂ ತಿದ್ದಬಹುದಾದ ಸ್ವಯಂಸೇವಕರ ನಕ್ಷೆ. ಮುಂದೆ ಈ ಬರಹದಲ್ಲಿ ಓಎಸ್‌ಎಂ ಎಂದರೆ ಎರಡನೆಯದು.

ಯಾವ ತಂತ್ರಾಂಶ ಯಾವುದಕ್ಕೆ?

ಒಂದೇ ತಂತ್ರಾಂಶ ಎಲ್ಲ ಕೆಲಸ ಮಾಡುವುದಿಲ್ಲ. ಮನೆಯಲ್ಲಿ ಕುಳಿತು ಯೋಜನೆ ಹಾಕಲು ಒಂದು, ದಾರಿಯಲ್ಲಿ ಹೋಗಲು ಒಂದು, ಕೊನೆಯ ಇನ್ನೂರು ಮೀಟರಿಗೆ ಒಂದು, ಹೀಗೆ ಮೂರು ಪಾತ್ರಗಳಿವೆ ಎಂದುಕೊಳ್ಳಿ.

ಮನೆಯ ಕೆಲಸಕ್ಕೆ ನನ್ನ ಮತ ಗೂಗಲ್ ಅರ್ಥ್ ಪ್ರೋ ಕಡೆಗೆ. ಮೊದಲು ವರ್ಷಕ್ಕೆ 399 ಡಾಲರ್ ಇದ್ದದ್ದು 2015ರಿಂದ ಉಚಿತ. ಡಬ್ಬಿಗಳ ಪಟ್ಟಿಯಿರುವ ಜಿಪಿಎಕ್ಸ್ ಕಡತವನ್ನು ನೇರ ತೆರೆಯುತ್ತದೆ, ಅಳತೆಪಟ್ಟಿ ಇದೆ, ದಾರಿ ಎಳೆದರೆ ಏರಿಳಿತದ ಚಿತ್ರ ತೋರಿಸುತ್ತದೆ. ಎಲ್ಲಕ್ಕಿಂತ ಉಪಯುಕ್ತವಾದದ್ದು ಹಳೆಯ ಚಿತ್ರಗಳ ಗಡಿಯಾರ. ಒಂದೇ ಜಾಗವನ್ನು ಬೇರೆ ಬೇರೆ ವರ್ಷಗಳಲ್ಲಿ, ಬೇಸಿಗೆಯಲ್ಲಿ, ಮಳೆ ಮುಗಿದ ಮೇಲೆ ನೋಡಬಹುದು. ಬೇಸಿಗೆಯ ಚಿತ್ರದಲ್ಲಿ ಕಾಲುದಾರಿಯಂತೆ ಕಂಡದ್ದು ಅಕ್ಟೋಬರಿನ ಚಿತ್ರದಲ್ಲಿ ನೀರು ತುಂಬಿದ ಹಳ್ಳವಾಗಿರುತ್ತದೆ.

ಬಾಲಾನಗರದ ರಾಷ್ಟ್ರೀಯ ದೂರಸಂವೇದಿ ಕೇಂದ್ರ 2009ರಲ್ಲಿ ಹೊರತಂದ ಭುವನ್ ನಮ್ಮೂರಿನದೇ ಕೂಸು. ಕೆರೆ, ಭೂಬಳಕೆ, ನೆಲದ ಸ್ವರೂಪ ಮುಂತಾದ ಪದರಗಳನ್ನು ನೋಡಲು ಚೆನ್ನಾಗಿದೆ. ಪ್ರವಾಸದ ದಾರಿ ಹಾಕಲು ಮಾತ್ರ ಅದನ್ನು ನೆಚ್ಚಿಕೊಳ್ಳುವುದು ಬೇಡ, ಅದನ್ನು ಮಾಡಿದ್ದೂ ಅದಕ್ಕಲ್ಲ.

ದಾರಿಗೆ ಗೂಗಲ್ ಮ್ಯಾಪ್ ಸರಿಯೇ. ಟ್ರಾಫಿಕ್ಕು ಹೇಳುತ್ತದೆ, ಪೆಟ್ರೋಲ್ ಬಂಕು ತೋರಿಸುತ್ತದೆ. 2022ರ ಜುಲೈಯಲ್ಲಿ ಹೈದರಾಬಾದೂ ಸೇರಿ ಹತ್ತು ಊರುಗಳಲ್ಲಿ ಸ್ಟ್ರೀಟ್ ವ್ಯೂ ಮತ್ತೆ ಬಂದ ಮೇಲೆ, ಗಾಡಿ ಎಲ್ಲಿ ನಿಲ್ಲಿಸಬಹುದು ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ನೆಟ್ ಇಲ್ಲದಾಗಲೂ ವಾಹನದ ದಾರಿ ಹೇಳುತ್ತದೆ, ಆದರೆ ನಡೆಯುವ ದಾರಿ ಹೇಳುವುದಿಲ್ಲ. ಡಬ್ಬಿ ಹುಡುಕುವವರಿಗೆ ಇದೇ ದೊಡ್ಡ ಕೊರತೆ. ಮನೆ ನಂಬರಿನವರೆಗೆ ಹೋಗಬೇಕಾದ ಪೇಟೆಯ ಓಣಿಗಳಿಗೆ ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್ ಕೂಡ ಇಟ್ಟುಕೊಳ್ಳಬಹುದು.

ನೆಟ್ ಹೋದರೆ ಜಿಪಿಎಸ್ಸೂ ಹೋಯಿತು ಎಂದು ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ಫೋನು ಉಪಗ್ರಹದಿಂದ ನೇರವಾಗಿ ಸಂಕೇತ ಪಡೆಯುತ್ತದೆ, ಅದಕ್ಕೆ ಸಿಮ್ಮೂ ಬೇಡ, ರೀಚಾರ್ಜೂ ಬೇಡ. ನೆಟ್ ಇದ್ದರೆ ಉಪಗ್ರಹಗಳನ್ನು ಬೇಗ ಗುರುತಿಸುತ್ತದೆ, ಇಲ್ಲದಿದ್ದರೆ ಬಯಲಲ್ಲಿ ಕೆಲವು ನಿಮಿಷ ಕಾಯಬೇಕು. ನೆಟ್ ಇಲ್ಲದಾಗ ಹೋಗುವುದು ನಕ್ಷೆಯ ಚಿತ್ರ ಮಾತ್ರ. ನೀಲಿ ಚುಕ್ಕೆ ಇರುತ್ತದೆ, ಅದರ ಸುತ್ತ ಬೂದುಬಣ್ಣ. ನಕ್ಷೆಯನ್ನು ಫೋನಿನೊಳಗೇ ಇಟ್ಟುಕೊಳ್ಳುವ ಓಎಸ್‌ಎಂ ಆಧಾರಿತ ತಂತ್ರಾಂಶಗಳು ಬೇಕಾಗುವುದು ಇದಕ್ಕೇ. ಆರ್ಗಾನಿಕ್ ಮ್ಯಾಪ್ಸ್ ಸರಳ, ಉಚಿತ, ಜಾಹೀರಾತಿಲ್ಲ. ಮನೆಯ ಹಿರಿಯರ ಫೋನಿಗೂ ಹಾಕಿಕೊಡಬಹುದು. ಓಎಸ್‌ಎಂ ಆಂಡ್ ಹೆಚ್ಚು ಸೌಲಭ್ಯವುಳ್ಳದ್ದು, ಅಷ್ಟೇ ಗೋಜಲು. ಮೆನುವಿನೊಳಗೆ ಮೆನು. ಉಚಿತ ಆವೃತ್ತಿಯಲ್ಲಿ ಇಳಿಸಿಕೊಳ್ಳುವ ನಕ್ಷೆಗಳಿಗೆ ಮಿತಿ ಇದೆ. ಆದರೆ ಸ್ಥಾನದ ರೂಪ ಬದಲಿಸುವುದು, ಎತ್ತರದ ರೇಖೆ ತೋರಿಸುವುದು, ನಡೆದ ದಾರಿ ದಾಖಲಿಸುವುದು ಎಲ್ಲ ಅದರಲ್ಲಿದೆ. ಊರಿನ ಹೆಸರು ಯಾವ ಭಾಷೆಯಲ್ಲಿ ಬೇಕು ಎಂದೂ ಆರಿಸಬಹುದು. ಕನ್ನಡದಲ್ಲಿ ಯಾರಾದರೂ ತುಂಬಿದ್ದರೆ ಕನ್ನಡದಲ್ಲೇ ಬರುತ್ತದೆ. ಹಳೆಯ ಕೈಯಂತ್ರ ಇರುವವರು ಅದರಲ್ಲಿ ಕನ್ನಡ ಅಕ್ಷರ ನಿರೀಕ್ಷಿಸಬೇಡಿ.

ಕೊನೆಯ ಇನ್ನೂರು ಮೀಟರಿಗೆ ಆಟಕ್ಕಾಗಿಯೇ ಮಾಡಿದ ತಂತ್ರಾಂಶ ಬೇಕು. ಸುಳಿವು, ಹಿಂದೆ ಹುಡುಕಿದವರ ಮಾತು, ಕಷ್ಟದ ಅಂಕ ಎಲ್ಲ ಅಲ್ಲಿರುತ್ತದೆ. ಜಾಲತಾಣದ ಸ್ವಂತ ಆಪ್ ಎಲ್ಲ ಫೋನುಗಳಲ್ಲೂ ಸಿಗುತ್ತದೆ, ಆದರೆ ಪಟ್ಟಿಯನ್ನು ನೆಟ್ ಇಲ್ಲದೆ ನೋಡಲು ಚಂದಾ ಕಟ್ಟಬೇಕು. ಆಂಡ್ರಾಯ್ಡ್ ಫೋನಿನವರಿಗೆ ಸ್ವಯಂಸೇವಕರು ಮಾಡಿದ ಸಿ-ಜಿಯೋ ಉಚಿತವಾಗಿದೆ, ಡಬ್ಬಿಯ ವಿವರವನ್ನೂ ಓಎಸ್‌ಎಂ ನಕ್ಷೆಯನ್ನೂ ಫೋನಿನಲ್ಲಿ ಉಳಿಸಿಕೊಳ್ಳುತ್ತದೆ. ವರ್ಷಕ್ಕೆ ನಾಲ್ಕೈದು ಬಾರಿ ಹೋಗುವವರು ಅದರಿಂದಲೇ ಆರಂಭಿಸಲಿ. ದುಡ್ಡು ಕೊಡುವ ಮಾತು ಆಮೇಲೆ. ಗಾರ್ಮಿನ್ ಕೈಯಂತ್ರ ಕೊಂಡವರಿಗೆ ಆ ಕಂಪನಿಯದೇ ಬೇಸ್‌ಕ್ಯಾಂಪ್ ಇದೆ, ಮುಖ ಹಳೆಯದಾದರೂ ಕೆಲಸಕ್ಕೆ ಅಡ್ಡಿಯಿಲ್ಲ.

ಇಷ್ಟೆಲ್ಲದರ ನಡುವೆ ಒಂದೇ ಕಡ್ಡಾಯ ನಿಯಮ: ಆರಿಸುವ ಪ್ರತಿ ತಂತ್ರಾಂಶವೂ ಜಿಪಿಎಕ್ಸ್ ಕಡತ ಓದಲೇಬೇಕು. ಆಗ ಒಂದರಲ್ಲಿ ಮಾಡಿದ ಕೆಲಸ ಇನ್ನೊಂದಕ್ಕೆ ಹೋಗುತ್ತದೆ, ಕೈಯಿಂದ ಅಂಕಿ ಟೈಪು ಮಾಡುವ ಗೋಜಿಲ್ಲ. ಅಂಕಿ ಟೈಪು ಮಾಡಿದರೆ ಏನಾಗುತ್ತದೆಂದು ಶಂಶಾಬಾದಿನ ಹೊಲದಲ್ಲಿ ನೋಡಿದೆವಲ್ಲ.

ಕಾಚಿಗೂಡದಿಂದ ಮಾನ್ಯಖೇಟಕ್ಕೆ

ಈಗ ಒಂದು ಪ್ರವಾಸಕ್ಕೆ ಯೋಜನೆ ಹಾಕೋಣ. ಕಾಚಿಗೂಡದ ಕನ್ನಡಿಗರಿಗೆ ನೃಪತುಂಗ ಎಂಬ ಹೆಸರು ಪಾಠದ ಪುಸ್ತಕಕ್ಕಿಂತ ಮೊದಲು ಶಾಲೆಯ ಹೆಸರಾಗಿ ಪರಿಚಯ. ಆ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿದೆ. ಕವಿರಾಜಮಾರ್ಗ ಹುಟ್ಟಿದ ಊರು ನಮ್ಮಿಂದ ಸರಳರೇಖೆಯಲ್ಲಿ ಸುಮಾರು 140 ಕಿ.ಮೀ. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಅದನ್ನು ನೋಡಿದವರು ಎಷ್ಟು ಮಂದಿ? "ಹಳೆ ಕೋಟೆ ನೋಡೋಣ ಬಾ" ಎಂದರೆ ಬಾರದ ಹುಡುಗ, "ಡಬ್ಬಿ ಹುಡುಕೋಣ" ಎಂದರೆ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ. ದಾರಿಯುದ್ದಕ್ಕೂ ಯಾವ ಡಬ್ಬಿಗಳಿವೆ ಎಂಬುದನ್ನು ಹೊರಡುವ ವಾರ ಜಾಲತಾಣದಲ್ಲಿ ನೋಡಿ. ಪಟ್ಟಿ ಬದಲಾಗುತ್ತಿರುತ್ತದೆ. ಏನೂ ಇಲ್ಲದಿದ್ದರೆ ನೀವೇ ನಾಲ್ಕು ಸ್ಥಾನ ಆರಿಸಿ ಮಕ್ಕಳಿಗೆ ಅಂಕಿ ಮಾತ್ರ ಕೊಡಿ. ಕೋಟೆಯ ಬಾಗಿಲು, ನದಿಯ ದಡ, ನೇಮಿನಾಥ ಬಸದಿ. ಡಬ್ಬಿ ಇಲ್ಲದೆಯೂ ಆಟ ನಡೆಯುತ್ತದೆ.

ಮೊದಲ ಹೆಜ್ಜೆ, ನಕ್ಷೆ ಇಳಿಸಿಕೊಳ್ಳುವುದು. ಓಎಸ್‌ಎಂ ತಂತ್ರಾಂಶಗಳಲ್ಲಿ ನಕ್ಷೆಗಳು ರಾಜ್ಯವಾರು ಇರುತ್ತವೆ. ತೆಲಂಗಾಣದ್ದನ್ನು ಮಾತ್ರ ಇಳಿಸಿಕೊಂಡು ಹೊರಟರೆ ತಾಂಡೂರಿನವರೆಗೆ ಓಣಿ ಓಣಿ ಕಾಣುತ್ತದೆ, ಗಡಿ ದಾಟಿದ ಕೂಡಲೇ ನಕ್ಷೆ ಖಾಲಿ. ಕರ್ನಾಟಕದ ಕಡತವನ್ನೂ ಮನೆಯ ವೈಫೈಯಲ್ಲೇ ಇಳಿಸಿಕೊಳ್ಳಿ. ನಮ್ಮಂತೆ ಗಡಿಯ ಎರಡೂ ಕಡೆ ನೆಂಟರಿರುವವರಿಗೆ ಇದು ಎಲ್ಲ ಪ್ರವಾಸಕ್ಕೂ ಅನ್ವಯ.

ಎರಡನೆಯದು, ರೈಲೋ ರಸ್ತೆಯೋ? 1874ರಲ್ಲಿ ತೆರೆದ ವಾಡಿ-ಸಿಕಂದರಾಬಾದ್ ಮಾರ್ಗದಲ್ಲೇ ಸೇಡಂ ಆದ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣ ಬರುತ್ತದೆ. ಹೆಸರಿನಲ್ಲಿ ರೋಡ್ ಇದೆ ಎಂದರೆ ಊರು ಅಲ್ಲಿಲ್ಲ ಎಂದೇ ಅರ್ಥ, ರೈಲ್ವೆಯವರ ಹಳೆಯ ಪದ್ಧತಿ. ಊರಿನ ಕೋಟೆ ಅಲ್ಲಿಂದ ಕೆಲವು ಕಿಲೋಮೀಟರು. ಯಾವ ಗಾಡಿ ಅಲ್ಲಿ ನಿಲ್ಲುತ್ತದೆ ಎಂಬುದನ್ನು ನಕ್ಷೆ ಹೇಳದು, ರೈಲ್ವೆಯ ವೇಳಾಪಟ್ಟಿಯಲ್ಲೇ ನೋಡಬೇಕು. ಅಂದಹಾಗೆ ಕಾಚಿಗೂಡದಿಂದ ಹೊರಡುವ ಮುಖ್ಯ ಮಾರ್ಗ ಮೆಹಬೂಬ್‌ನಗರ, ಗದ್ವಾಲ್ ಕಡೆಗೆ. ವಾಡಿ ಮಾರ್ಗದ ಗಾಡಿಗೆ ಸಿಕಂದರಾಬಾದಿಗೋ ನಾಂಪಲ್ಲಿಗೋ ಹೋಗಬೇಕು. ಮನೆಯ ಹತ್ತಿರವೇ ನಿಲ್ದಾಣ ಇದ್ದೂ ಇದೊಂದು ಫಜೀತಿ.

ಮೂರನೆಯದು ನದಿ. ಜಿಪಿಎಸ್ ಬಾಣ ಸರಳರೇಖೆಯಲ್ಲಿ ತೋರಿಸುತ್ತದೆ, ಅದಕ್ಕೆ ನೀರು, ಗೋಡೆ, ರೈಲುಹಳಿ ಯಾವುದೂ ಕಾಣದು. ಕಾಚಿಗೂಡದಲ್ಲಿ ನಿಂತು ಮಲಕ್‌ಪೇಟೆಯ ಒಂದು ಸ್ಥಾನ ಹಾಕಿ ನೋಡಿ. ಬಾಣ ಮೂಸಿಯ ಮೇಲೆಯೇ ಹಾದುಹೋಗುತ್ತದೆ, ನೀವು ಮಾತ್ರ ಚಾದರ್‌ಘಾಟ್ ಸೇತುವೆಗೆ ಸುತ್ತಬೇಕು. ಮಳಖೇಡದಲ್ಲೂ ಹಾಗೆಯೇ, ಕಾಗಿಣೆಯ ಯಾವ ದಡದಲ್ಲಿ ನಿಮ್ಮ ಗುರಿ ಇದೆ ಎಂದು ಮನೆಯಲ್ಲೇ ಗುರುತಿಸಿ, ಸೇತುವೆಗೂ ಒಂದು ಗುಂಡುಸೂಜಿ ಚುಚ್ಚಿಡಿ. ಭೀಮೆಗೆ ಸೇರುವ ಈ ನದಿ ಬೇಸಿಗೆಯಲ್ಲಿ ಸಾಧು, ಮಳೆಗಾಲದಲ್ಲಿ ಅಲ್ಲ. ನಕ್ಷೆಯಲ್ಲಿ ನಡೆಯುವ ದಾರಿ ನದಿಯನ್ನು ಅಡ್ಡ ಹಾಯ್ದಂತೆ ಕಂಡರೆ ಅದು ಸೇತುವೆಯೋ ಬೇಸಿಗೆಯ ಕಾಲುದಾರಿಯೋ ಎಂದು ಉಪಗ್ರಹ ಚಿತ್ರದಲ್ಲಿ ನೋಡದೆ ಮಕ್ಕಳನ್ನು ಇಳಿಸಬೇಡಿ. ಸ್ಥಳೀಯರನ್ನು ಒಂದು ಮಾತು ಕೇಳುವುದು ಎಲ್ಲ ತಂತ್ರಾಂಶಗಳಿಗಿಂತ ವಾಸಿ.

ನಾಲ್ಕನೆಯದು ಗಣಿ. ಸೇಡಂ ಸುತ್ತಿನ ನೆಲ ಸುಣ್ಣಕಲ್ಲಿನದು, ಸಿಮೆಂಟ್ ಕಾರ್ಖಾನೆಗಳಿರುವುದು ಅದಕ್ಕಾಗಿಯೇ. ಗಣಿಯ ಅಂಚು ವರ್ಷ ವರ್ಷ ಸರಿಯುತ್ತದೆ. ಹಳೆಯ ಚಿತ್ರದಲ್ಲಿ ಹೊಲವಿದ್ದಲ್ಲಿ ಈಗ ಆಳದ ಗುಂಡಿ ಇರಬಹುದು. ಗೂಗಲ್ ಅರ್ಥ್‌ನಲ್ಲಿ ಚಿತ್ರದ ತಾರೀಖು ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ, ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಡಬ್ಬಿ ಇಡುವ ಮುನ್ನ

ಹುಡುಕುವ ರುಚಿ ಹತ್ತಿದವರಿಗೆ ಇಡುವ ಆಸೆಯೂ ಬರುತ್ತದೆ. ಇಲ್ಲಿ ಮಾತ್ರ ನಾನು ಸ್ವಲ್ಪ ಕಟುವಾಗಿ ಹೇಳಬೇಕು. 2007ರ ಆಗಸ್ಟ್ 25ರಂದು ನಮ್ಮ ಕೋಠಿಯ ಗೋಕುಲ್ ಚಾಟ್ ಮತ್ತು ಲುಂಬಿನಿ ಪಾರ್ಕಿನಲ್ಲಿ, 2013ರ ಫೆಬ್ರವರಿ 21ರಂದು ದಿಲ್‌ಸುಖ್‌ನಗರದಲ್ಲಿ ಏನಾಯಿತೆಂದು ಈ ಊರು ಮರೆತಿಲ್ಲ. ವಾರಸುದಾರರಿಲ್ಲದ ಡಬ್ಬಿ ಕಂಡರೆ ಇಲ್ಲಿ ಯಾರಿಗೂ ಆಟ ನೆನಪಾಗುವುದಿಲ್ಲ. ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆ, ಗುಡಿ, ಮಸೀದಿ, ಶಾಲೆ, ದಂಡು ಪ್ರದೇಶ ಇವುಗಳ ಹತ್ತಿರ ಡಬ್ಬಿ ಇಡಲೇಬಾರದು. ಅಂಥ ಜಾಗದಲ್ಲಿ ಬೇಲಿ, ಪೈಪು ತಡಕಾಡುವುದೂ ಬೇಡ. ಬೇರೆಡೆ ಇಡುವಾಗಲೂ ಜಾಗದ ಒಡೆಯರ ಒಪ್ಪಿಗೆ ಬೇಕು, ಡಬ್ಬಿ ಪಾರದರ್ಶಕವಾಗಿದ್ದು ಮೇಲೆ ಇದೇನೆಂದು ಕನ್ನಡ, ತೆಲುಗು, ಉರ್ದು, ಇಂಗ್ಲಿಷಿನಲ್ಲಿ ಬರೆದಿರಲಿ. ಹೂಳುವುದು ಆಟದ ನಿಯಮಕ್ಕೇ ವಿರುದ್ಧ. ಒಂದು ಡಬ್ಬಿಗೂ ಇನ್ನೊಂದಕ್ಕೂ 161 ಮೀಟರ್ ಅಂತರವಿರಬೇಕು ಎಂಬ ನಿಯಮವೂ ಇದೆ, ಅಳೆಯಲು ಗೂಗಲ್ ಅರ್ಥ್‌ನ ಅಳತೆಪಟ್ಟಿ ಸಾಕು.

ಸ್ಮಾರಕಗಳಿಗೆ, ಬಂಡೆಗಳಿಗೆ ಡಬ್ಬಿಯೇ ಬೇಡದ ಒಂದು ಬಗೆ ಇದೆ. ಅದರ ಹೆಸರು ಅರ್ಥ್‌ಕ್ಯಾಶ್, 2004ರಲ್ಲಿ ಆರಂಭವಾದದ್ದು. ಜಾಗಕ್ಕೆ ಹೋಗಿ ಅಲ್ಲಿನ ಕಲ್ಲು, ಮಣ್ಣು, ನೀರಿನ ಬಗ್ಗೆ ಕೇಳಿದ ಪ್ರಶ್ನೆಗೆ ನೋಡಿ ಉತ್ತರಿಸಿದರಾಯಿತು. ಇನ್ನೂರೈವತ್ತು ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆಗಳ ಮೇಲೆ ಕುಳಿತ ಹೈದರಾಬಾದಿಗೆ ಇದಕ್ಕಿಂತ ಒಪ್ಪುವ ಆಟ ಇನ್ನೊಂದಿಲ್ಲ. ಬಂಡೆ ಉಳಿಸಲೆಂದೇ 1996ರಲ್ಲಿ ಸಂಘ ಕಟ್ಟಿದ ಊರು ನಮ್ಮದು.

ವಿದೇಶದಿಂದ ಬರುವ ನೆಂಟರಿಗೊಂದು ಮಾತು. ಉಪಗ್ರಹಕ್ಕೆ ಸಂದೇಶ ಕಳಿಸಬಲ್ಲ ಕೈಯಂತ್ರಗಳನ್ನು ಅನುಮತಿಯಿಲ್ಲದೆ ಭಾರತಕ್ಕೆ ತರಬಾರದು. ಅಂಥವನ್ನು ತಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಚಾರಣಿಗರಿದ್ದಾರೆ. ಫೋನು ಸಾಕು.

ಹೊರಡುವ ಹಿಂದಿನ ರಾತ್ರಿ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಎಲ್ಲ ನಕ್ಷೆ, ಎಲ್ಲ ಗುಂಡುಸೂಜಿ ತೆರೆಯುತ್ತವೆಯೇ ಎಂದು ಪರೀಕ್ಷಿಸಿ. ಒಂದು ಹಾಳೆಯ ಮೇಲೆ ಸ್ಥಾನಗಳನ್ನು ಪೆನ್ನಿನಿಂದಲೂ ಬರೆದಿಟ್ಟುಕೊಳ್ಳಿ, ಬ್ಯಾಟರಿ ಬ್ಯಾಂಕು ಮರೆಯಬೇಡಿ. ಅಲ್ಲಿ ನಡೆಯುವಾಗ ಓಎಸ್‌ಎಂ ಆಂಡ್‌ನಲ್ಲಿ ದಾರಿ ದಾಖಲಾಗುತ್ತಿರಲಿ. ಮರಳಿ ಬಂದ ಮೇಲೆ ಆ ಕಡತ ತೆರೆದು, ನಕ್ಷೆಯಲ್ಲಿ ಇಲ್ಲದ ಕಾಲುದಾರಿ, ಬಾವಿ, ಗುಡಿಗಳನ್ನು ಓಪನ್ ಸ್ಟ್ರೀಟ್ ಮ್ಯಾಪಿನ ಜಾಲತಾಣದಲ್ಲಿ ಖಾತೆ ತೆರೆದು ನೀವೇ ಸೇರಿಸಬಹುದು. ಅಲ್ಲಿ ಪ್ರತಿ ಊರಿಗೂ ಕನ್ನಡ ಹೆಸರಿಗೆಂದೇ ಬೇರೆ ಖಾನೆ ಇದೆ. ಅದು ಖಾಲಿ ಕಂಡರೆ ಊರಿನ ಹೆಸರನ್ನು ಅಲ್ಲಿಯವರು ಹೇಳುವಂತೆಯೇ ಕನ್ನಡದಲ್ಲಿ ಟೈಪು ಮಾಡಿ ಉಳಿಸಿ. ಕೆಲವು ದಿನಗಳಲ್ಲಿ, ನಕ್ಷೆಯ ಹೊಸ ಕಡತ ಬಂದಾಗ, ಅದು ಎಲ್ಲರ ಫೋನಿನಲ್ಲೂ ಕಾಣಿಸುತ್ತದೆ.